ದೇವರ ರಾಜ್ಯ ಬಂದಿದೆಯಾ, ಬರಬೇಕಾ?

ಗೊಂದಲ 'ರಾಜ್ಯ' ಅನ್ನೋ ಪದದಿಂದಲೇ ಬಂದಿರಬೇಕು. ಬೈಬಲ್‌ನ ಲೂಕ 17:21ರಲ್ಲಿ ದೇವರ ರಾಜ್ಯ ಆಗಲೇ ಇದೆ, ಮತ್ತಾಯ 6:10ರಲ್ಲಿ ಬರಲಿ ಅಂತ ಪ್ರಾರ್ಥನೆ, ಯಾವುದು ಸರಿ ಅಂತ ಕೇಳಿದ್ದೀರಿ. ರಾಜ್ಯ ಅಂದರೆ ನಾವು ಗಡಿ ಇರುವ ನಾಡು ಅಂದುಕೊಳ್ಳುತ್ತೇವೆ. ಗ್ರೀಕ್ ಮೂಲದ 'ಬಸಿಲೇಯ'ಕ್ಕೆ ಇಲ್ಲಿ ಆಳ್ವಿಕೆ ಅನ್ನೋ ಅರ್ಥವೇ ಜಾಸ್ತಿ.

ಮೊದಲು ಎರಡೂ ಕಡೆ 'ಆಳ್ವಿಕೆ' ಅಂತ ಇಟ್ಟು ಓದಿ. ಆಮೇಲೆ ಮಾರ್ಕ 4:26–29 ತೆಗೆಯಿರಿ, ಅಲ್ಲಿ ದೇವರ ರಾಜ್ಯಕ್ಕೆ ಯೇಸು ಕೊಟ್ಟ ಹೋಲಿಕೆ ಇದೆ. ಒಬ್ಬ ಬೀಜ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಮೊದಲು ಗರಿ, ಆಮೇಲೆ ತೆನೆ, ಕೊನೆಗೆ ತೆನೆ ತುಂಬ ಕಾಳು. ಪೈರು ಹೊಲದಲ್ಲಿ ಆಗಲೇ ಇದೆ, ಸುಗ್ಗಿ ಇನ್ನೂ ಬಂದಿಲ್ಲ, ಅಲ್ವಾ? ಎರಡೂ ಮಾತು ಹಾಗೆ ಒಟ್ಟಿಗೆ ನಿಲ್ಲುತ್ತವೆ.

ಕೊನೆಗೆ ಲೂಕ 17:20ರಿಂದ ಮತ್ತೆ ಓದಿ. ರಾಜ್ಯ ಎಲ್ಲಿದೆ ಅಂತ ಹೇಳುವ ಅಲ್ಲಿನ ಪದ 'ನಿಮ್ಮೊಳಗೆ'ಯೋ 'ನಿಮ್ಮ ನಡುವೆ'ಯೋ ಅನ್ನೋದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಯೇಸು ಉತ್ತರ ಕೊಟ್ಟಿದ್ದು ತನ್ನನ್ನು ವಿರೋಧಿಸುತ್ತಿದ್ದ ಫರಿಸಾಯರು ಅನ್ನೋ ಯೆಹೂದಿ ಪಂಗಡದವರಿಗೆ, ಹಾಗಾಗಿ ನನಗೆ 'ನಡುವೆ' ಸರಿ ಅನಿಸುತ್ತದೆ.