ಡಾಂಗಲ್ ಇರುವ ಹಳೇ ಕಂಪ್ಯೂಟರ್: ಫೋಲ್ಡರ್ ಕಾಪಿ ಮಾಡಿದರೆ ಸಾಕಾ?

ಸಿದ್ದಾಪುರದ ಹತ್ತಿರ ನಿಮ್ಮ ತೋಟದ ಆಫೀಸಿನಲ್ಲಿ ವಿಂಡೋಸ್ 98 ಕಂಪ್ಯೂಟರ್, ಅದರಲ್ಲಿ ಚೆಕ್‌ರೋಲ್ (ಕೆಲಸದವರ ಹಾಜರಿ-ಸಂಬಳದ ಲೆಕ್ಕ) ಸಾಫ್ಟ್‌ವೇರ್, ಹಿಂದೆ ಪ್ರಿಂಟರ್ ಪೋರ್ಟಿಗೆ ಡಾಂಗಲ್, ಅಂದರೆ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುವ ಬೀಗದ ಕೈಯಂಥ ಸಾಧನ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಫೋಲ್ಡರ್ ಕಾಪಿ ಮಾಡಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲು ಆ ಮೆಷಿನ್ ಆಫ್ ಮಾಡಿ. ಅಂಥ ಡಿಸ್ಕ್ ಓಡಿದಷ್ಟೂ ಕೆಡುತ್ತದೆ.

ನಾನು ಸೋಮವಾರಪೇಟೆ ಕಡೆ ಒಂದು ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವನು) ಆಗಿದ್ದೆ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಡಿಸ್ಕ್ ಕೈಕೊಟ್ಟಿತು. ಫೋಲ್ಡರ್ ಕಾಪಿ ಇತ್ತು. ಬೇರೆ ಡಿಸ್ಕಿಗೆ ಹಾಕಿ, ಅದೇ ಡಾಂಗಲ್ ಸಿಕ್ಕಿಸಿದೆವು. ಪ್ರೋಗ್ರಾಂ ತೆರೆಯಲೇ ಇಲ್ಲ. ಲೈಸೆನ್ಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಇತ್ತು, ಡಾಂಗಲ್ ಡ್ರೈವರ್ ವಿಂಡೋಸ್ ಫೋಲ್ಡರಿನಲ್ಲಿತ್ತು, ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದರು. ಇಪ್ಪತ್ತು ವರ್ಷ ದುಡಿದ ಒಬ್ಬ ಅಮ್ಮ ಗ್ರಾಚ್ಯುಟಿ ಕೇಳಲು ಬಂದಾಗ, ಗೆದ್ದಲು ಹಿಡಿದ ಪುಸ್ತಕದ ಹಾಳೆ ಒಂದೊಂದೇ ಬಿಡಿಸಿ ಹಾಜರಿ ಎಣಿಸಿದೆ. ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಆ ಸಂಕಟ ನಿಮಗೆ ಬೇಡ.

ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಖಾಲಿ ಜಾಗವೂ ಸೇರಿ ಇದ್ದ ಹಾಗೇ ಪ್ರತಿ, ತೆಗೆಯಿರಿ. ಡಿಸ್ಕ್ ಬಿಚ್ಚಿ, ಐಡಿಇ-ಯುಎಸ್‌ಬಿ ಅಡಾಪ್ಟರ್ (ಐಡಿಇ ಅಂದರೆ ಹಳೇ ಡಿಸ್ಕಿನ ಅಗಲ ಕೇಬಲ್ ಜೋಡಣೆ) ಹಾಕಿ, ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಓಡಿಸಿ. ಅದು ಸುಲಭಕ್ಕೆ ಓದಲು ಬರುವ ಜಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಸೆಕ್ಟರಿಗೆ ಆಮೇಲೆ ಕೈ ಹಾಕುತ್ತದೆ. ಡಿಸ್ಕ್ ಕಾಪಿ ಮಾಡುವ ಇನ್ನೊಂದು ಪ್ರೋಗ್ರಾಂ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಬಳಕೆಯಲ್ಲಿರುವ ಬ್ಲಾಕ್ ಮಾತ್ರ ಎತ್ತುತ್ತದೆ. ಕೆಲವು ಹಳೇ ಸಾಫ್ಟ್‌ವೇರ್ ಖಾಲಿ ಕಾಣುವ ಜಾಗದಲ್ಲೇ ಗುರುತು ಬಚ್ಚಿಟ್ಟಿರುತ್ತವೆ, ಹಾಗಾಗಿ ಕ್ಲೋನ್‌ಜಿಲ್ಲಾ ಇಲ್ಲಿ ಬೇಡ. ಇನ್ನೊಂದು ವಿಷಯ: ವಾಲ್ಯೂಮ್ ಸೀರಿಯಲ್ ನಂಬರ್ (ಫಾರ್ಮ್ಯಾಟ್ ಮಾಡಿದಾಗ ಡಿಸ್ಕಿನಲ್ಲಿ ಬರೆಯುವ ನಂಬರ್) ಇಮೇಜಿನ ಜೊತೆ ಬರುತ್ತದೆ, ಡಿಸ್ಕ್ ತಯಾರಿಸಿದವರು ಹಾಕಿದ ಸೀರಿಯಲ್ ಬರಲ್ಲ. ಲೈಸೆನ್ಸ್ ಅದನ್ನು ನೋಡುತ್ತಿದ್ದರೆ ಇಮೇಜ್ ಇದ್ದೂ ತೆರೆಯುವುದಿಲ್ಲ.

ಇದು ಗೊತ್ತಾಗುವುದು ಹಾಕಿ ನೋಡಿದಾಗ ಮಾತ್ರ. ಇಮೇಜನ್ನು ಇನ್ನೊಂದು ಐಡಿಇ ಡಿಸ್ಕಿಗೆ ಇಳಿಸಿ, ಅದೇ ಮೆಷಿನ್‌ಗೆ ಕೂರಿಸಿ, ಕಳೆದ ವಾರದ ಚೆಕ್‌ರೋಲ್ ತೆಗೆದು ನೋಡಿ. ಹಳೇ ಡಿಸ್ಕ್ ಎಸೆಯಬೇಡಿ.

ಡಾಂಗಲ್ ಮಾತ್ರ ಇಮೇಜಿಗೆ ಸಿಗಲ್ಲ. ನಮ್ಮದರ ಎರಡು ಸ್ಕ್ರೂ ಬಿಚ್ಚಿದಾಗ ಪಿನ್ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು, ನಮ್ಮ ಮಳೆಗಾಲದ ಥಂಡಿ ಗೊತ್ತಲ್ವಾ. ಕೆಲಸ ಇಲ್ಲದಾಗ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಪ್ರೋಗ್ರಾಂ ತೆರೆದ ದಿನವೇ ಪ್ರತಿಯೊಬ್ಬರ ಸರ್ವಿಸ್ ರಿಪೋರ್ಟ್ ಪ್ರಿಂಟ್ ತೆಗೆಯಿರಿ. ಫೋಲ್ಡರಿನಲ್ಲಿ ಡಿಬಿಎಫ್ ಫೈಲ್ (ಲೆಕ್ಕದ ಮಾಹಿತಿ ಪಟ್ಟಿಯಾಗಿ ಇರುವ ಹಳೇ ಬಗೆಯ ಫೈಲ್) ಇದ್ದರೆ ಇನ್ನೂ ಒಳ್ಳೆಯದು. ಅವನ್ನು ಲಿಬ್ರೆಆಫೀಸ್ ಕ್ಯಾಲ್ಕ್ ನೇರವಾಗಿ ತೆರೆಯುತ್ತದೆ, ಡಾಂಗಲ್ ಕೇಳುವುದಿಲ್ಲ.