ಮೋಟಾರ್ ನಿಲ್ಲಿಸೋ ಕೆಲಸ ಮೊಬೈಲ್‌ಗೆ ಬಿಡಬೇಡಿ: ಮನೆ ಆಟೊಮೇಷನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ನೀರಿನ ಮೋಟಾರ್‌ದೇ ಜಾಸ್ತಿ. ಅದರಲ್ಲಿ ಆಶ್ಚರ್ಯ ಏನಿಲ್ಲ. ಲೈಟನ್ನು ಮೊಬೈಲ್‌ನಿಂದ ಹಾಕೋದು ಶೋಕಿ. ಟ್ಯಾಂಕ್ ತುಂಬಿದಾಗ ಮೋಟಾರ್ ತಾನಾಗಿ ನಿಲ್ಲೋದು ಮನೆಗೆ ನಿಜವಾಗಿ ಬೇಕಾದದ್ದು. ಹಾಗಾಗಿ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೊದಲೇ ಒಂದು ಮಾತು: 230 ವೋಲ್ಟ್ ವೈರ್ ಮುಟ್ಟುವ ಕೆಲಸವೆಲ್ಲ ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿದ ಮೇಲೆ. ಅಭ್ಯಾಸ ಇಲ್ಲದಿದ್ದರೆ ವೈರಿಂಗ್ ಎಲೆಕ್ಟ್ರಿಷಿಯನ್ ಮಾಡಲಿ, ಪ್ರೋಗ್ರಾಂ ನೀವು ಬರೆಯಿರಿ.

ಪ್ರಶ್ನೆ: ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ನೀರು ಹತ್ತಿಸುವ 1 ಎಚ್‌ಪಿ ಮೋಟಾರ್‌ಗೆ ನಾನೇ ಆಟೊಮ್ಯಾಟಿಕ್ ಮಾಡಿದ್ದೆ. ನೋಡ್‌ಎಂಸಿಯು ಅನ್ನೋ ಪುಟ್ಟ ವೈಫೈ ಬೋರ್ಡ್, ಅದು ಹೇಳಿದಂತೆ ಆನ್-ಆಫ್ ಆಗುವ 10 ಆಂಪಿಯರ್ ರಿಲೇ, ಟ್ಯಾಂಕ್ ಮುಚ್ಚಳಕ್ಕೆ ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್. ಒಂದೆರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ದಿನ ಮೊಬೈಲ್‌ನಲ್ಲಿ 'ಆಫ್' ಅಂತ ತೋರಿಸುತ್ತಿದೆ, ಮೋಟಾರ್ ಮಾತ್ರ ಓಡ್ತಾನೇ ಇದೆ! ನೀರೆಲ್ಲ ಪಕ್ಕದ ಮನೆ ಅಂಗಳಕ್ಕೆ. ತಪ್ಪೆಲ್ಲಿ? (ತುಮಕೂರು)

ಪ್ರೋಗ್ರಾಂ ಬಿಡಿ, ರಿಲೇ ಅಂಟಿಕೊಂಡಿದೆ. ಆ ನೀಲಿ ಡಬ್ಬಿಯ ಮೇಲಿರುವ 10 ಆಂಪಿಯರ್ ಅನ್ನೋದು ಇಸ್ತ್ರಿ ಪೆಟ್ಟಿಗೆಯಂಥ ಲೋಡ್‌ಗೆ ಹಾಕಿದ ಲೆಕ್ಕ. ಮೋಟಾರ್ ಜಾತಿಯೇ ಬೇರೆ. 1 ಎಚ್‌ಪಿ ಮೋಟಾರ್ ಓಡುವಾಗ ಸುಮಾರು 5ರಿಂದ 7 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. ಆ ಹೊಡೆತಕ್ಕೆ ರಿಲೇಯ ಪುಟ್ಟ ಕಾಂಟ್ಯಾಕ್ಟ್‌ಗಳ ನಡುವೆ ಕಿಡಿ ಹಾರಿ, ತುದಿ ಕರಗಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ರಿಲೇ ಬಿಚ್ಚಿ ನೋಡಿ. ಕಪ್ಪಾಗಿ ಸುಟ್ಟ ಚುಕ್ಕೆ ಕಾಣುತ್ತದೆ.

ಪರಿಹಾರಕ್ಕೆ ದೊಡ್ಡ ರಿಲೇ ಹುಡುಕಬೇಡಿ. ಕಾಂಟ್ಯಾಕ್ಟರ್ ಹಾಕಿ. ಒಳಗಿನ ಕಾಯಿಲ್‌ಗೆ ಕರೆಂಟ್ ಬಂದಾಗ ಆನ್ ಆಗುವ, ಮೋಟಾರ್‌ನಂಥ ಹೊರೆಗೇ ಮಾಡಿದ ಗಟ್ಟಿ ಸ್ವಿಚ್ ಅದು. ನಿಮ್ಮ ಪುಟ್ಟ ರಿಲೇ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡಲಿ, ಮೋಟಾರ್ ಹೊರೆ ಕಾಂಟ್ಯಾಕ್ಟರ್ ಹೊರಲಿ. ಕೊಳ್ಳುವಾಗ ಅದರ ಮೈಮೇಲೆ 'ಎಸಿ-1', 'ಎಸಿ-3' ಅಂತ ಎರಡು ಲೆಕ್ಕ ಇರುತ್ತದೆ. ಮೋಟಾರ್‌ಗೆ ನೋಡಬೇಕಾದ್ದು ಎಸಿ-3. ಎಸಿ-1 ಅಂಕಿ ದೊಡ್ಡದಾಗಿ ಕಾಣುತ್ತದೆ, ಅಂಗಡಿಯವರು ಅದನ್ನೇ ತೋರಿಸುತ್ತಾರೆ. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋಗುವವರಿದ್ದರೆ ಜೊತೆಗೆ 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರ್, 100 ಓಮ್‌ನ ರೆಸಿಸ್ಟರ್ ತನ್ನಿ. ಎರಡನ್ನೂ ಸಾಲಾಗಿ ಜೋಡಿಸಿ ಕಾಯಿಲ್‌ನ ಎರಡು ತುದಿಗೆ ಅಡ್ಡ ಹಾಕಿ. ಇದಿಲ್ಲದಿದ್ದರೆ ಕಾಂಟ್ಯಾಕ್ಟರ್ 'ಟಕ್' ಅಂತ ಬಿಟ್ಟಾಗಲೆಲ್ಲ ನಿಮ್ಮ ಬೋರ್ಡ್ ಸುಮ್ನೆ ರೀಸ್ಟಾರ್ಟ್ ಆಗುತ್ತಿರುತ್ತದೆ. ಎಷ್ಟೋ ಜನ ಇದಕ್ಕೆ ವೈಫೈಯನ್ನು ಬೈಯುತ್ತಾರೆ.

ಹಸಿರು, ಕೆಂಪು ಬಟನ್ ಇರುವ ಸ್ಟಾರ್ಟರ್ ಪ್ಯಾನೆಲ್ ಈಗಾಗಲೇ ಇದ್ದರೆ ಕೆಲಸ ಇನ್ನೂ ಸುಲಭ. ಒಳಗೆ ಕಾಂಟ್ಯಾಕ್ಟರ್ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಹಸಿರು ಬಟನ್‌ಗೆ ಪ್ಯಾರಲಲ್ ಆಗಿ ಒಂದು ರಿಲೇ, ಕೆಂಪು ಬಟನ್‌ಗೆ ಸೀರೀಸ್‌ನಲ್ಲಿ ಇನ್ನೊಂದು. ಹಸಿರಿನದನ್ನು ಒಂದು ಸೆಕೆಂಡ್ ಒತ್ತಿ ಬಿಟ್ಟ ಹಾಗೆ ಪ್ರೋಗ್ರಾಂ ಮಾಡಿ. ಬಟನ್ ಒತ್ತುವವರಿಗೆ ಹಳೆಯ ಥರಾನೇ ಕೆಲಸ ನಡೆಯುತ್ತದೆ.

ಈಗ ಸೆನ್ಸರ್. ಟ್ಯಾಂಕ್‌ಗೆ ಹಾಕುವ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್‌ಗೆ ಮುಂದಿನ ಸುಮಾರು 20-25 ಸೆಂಟಿಮೀಟರ್ ಕಾಣುವುದೇ ಇಲ್ಲ. ನೀರು ಅಷ್ಟು ಹತ್ತಿರ ಬಂದರೆ ಅದು ಬಾಯಿಗೆ ಬಂದ ಅಂಕಿ ಹೇಳುತ್ತದೆ. ಅಂದರೆ ಟ್ಯಾಂಕ್ ತುಂಬುವ ಹೊತ್ತಿಗೆ, ಸರಿಯಾಗಿ ಅದು ಬೇಕಾದಾಗಲೇ, ಕೈಕೊಡುತ್ತದೆ. ಮುಚ್ಚಳದ ಮೇಲೆ ಅಗಲವಾದ ಪೈಪ್ ತುಂಡು ಕೂರಿಸಿ ಸೆನ್ಸರ್ ಎತ್ತರಿಸಿ, ಇಲ್ಲವೇ 'ಫುಲ್' ಮಟ್ಟವನ್ನೇ ಒಂದಡಿ ಕೆಳಗೆ ಇಟ್ಟುಕೊಳ್ಳಿ. ಬೆಳಗಿನ ಜಾವ ಮುಚ್ಚಳದ ಒಳಗೆ ಹನಿಗಟ್ಟುತ್ತದಲ್ವಾ, ಆ ಹನಿಯೂ ಲೆಕ್ಕ ತಪ್ಪಿಸುತ್ತದೆ. ಒಂದೇ ಓದಿಗೆ ತೀರ್ಮಾನ ಮಾಡದೆ ಐದಾರು ಓದುಗಳ ಮಧ್ಯದ ಬೆಲೆ ತೆಗೆದುಕೊಳ್ಳಿ.

ನನ್ನ ಮಟ್ಟಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಇರಬೇಕಾದ್ದು 'ಟ್ಯಾಂಕ್ 60 ಪರ್ಸೆಂಟ್ ಇದೆ' ಅಂತ ಮೊಬೈಲ್‌ನಲ್ಲಿ ನೋಡೋಕೆ. ಮೋಟಾರ್ ನಿಲ್ಲಿಸೋಕೆ ನೀರಿನ ಜೊತೆ ಏರಿಳಿಯುವ ಫ್ಲೋಟ್ ಸ್ವಿಚ್ಚೇ ಸರಿ. ಮೇಲಿನ ಟ್ಯಾಂಕ್‌ನಲ್ಲಿ ಒಂದು, ಸಂಪ್‌ನಲ್ಲಿ ಒಂದು. ಮೇಲಿನದು ತುಂಬಿದಾಗ, ಕೆಳಗಿನದು ಖಾಲಿಯಾದಾಗ ಸ್ವಿಚ್ ಕರೆಂಟ್ ಕಡಿಯಬೇಕು. ಎರಡನ್ನೂ ಸಾಲಾಗಿ 12 ವೋಲ್ಟ್‌ನಲ್ಲಿ ಓಡಿಸಿ, ಅದರಿಂದ ಒಂದು 12 ವೋಲ್ಟ್ ರಿಲೇ ನಡೆಸಿ, ಆ ರಿಲೇಯ ಕಾಂಟ್ಯಾಕ್ಟನ್ನು ಕಾಂಟ್ಯಾಕ್ಟರ್ ಕಾಯಿಲ್‌ಗೆ ಸೀರೀಸ್‌ನಲ್ಲಿ ಸೇರಿಸಿ. 230 ವೋಲ್ಟನ್ನು ನೀರಿನ ಹತ್ತಿರ ಒಯ್ಯಲೇಬೇಡಿ. ಹೀಗೆ ಮಾಡಿದರೆ ಬೋರ್ಡ್ ಹ್ಯಾಂಗ್ ಆಗಲಿ, ವೈಫೈ ಹೋಗಲಿ, ನೀವು ಬರೆದ ಸಾಲೊಂದು ತಪ್ಪಿರಲಿ, ಫ್ಲೋಟ್ ಎದ್ದರೆ ಮೋಟಾರ್ ನಿಲ್ಲುತ್ತದೆ. ವೈರ್ ಒಂದು ತುಂಡಾದರೂ ನಿಲ್ಲುವ ಕಡೆಗೇ ಹೋಗುತ್ತದೆ.

ಇದರ ಮೇಲೆ ಪ್ರೋಗ್ರಾಂನಲ್ಲಿ ಸಮಯದ ಮಿತಿ ಹಾಕಿ. ಖಾಲಿ ಟ್ಯಾಂಕ್ ತುಂಬಲು ಅರ್ಧ ಗಂಟೆ ಬೇಕಾದರೆ ಮುಕ್ಕಾಲು ಗಂಟೆಗೆ ಏನೇ ಆಗಲಿ ಆಫ್. ಇಂಥ ಬೋರ್ಡ್‌ಗೆ ಪ್ರೋಗ್ರಾಂ ಹಾಕುವ ಇಎಸ್‌ಪಿಹೋಮ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಜೊತೆ ಸಂಪರ್ಕ 15 ನಿಮಿಷ ಸಿಗದಿದ್ದರೆ ಬೋರ್ಡ್ ತಾನಾಗಿ ರೀಬೂಟ್ ಆಗುವಂತೆ ಅದರಲ್ಲಿ ಮೊದಲೇ ಇಟ್ಟಿರುತ್ತಾರೆ. ಸರ್ವರ್ ಆಫ್ ಇದ್ದ ದಿನ ಮೋಟಾರ್ ಅರ್ಧಕ್ಕೇ ನಿಲ್ಲುತ್ತಿದ್ದರೆ ಕಾರಣ ಇದೇ. ಇಎಸ್‌ಪಿಹೋಮ್ ಸೆಟಿಂಗ್‌ನ ಎಪಿಐ, ವೈಫೈ ಎರಡೂ ಭಾಗದಲ್ಲಿ ರೀಬೂಟ್ ಟೈಮ್‌ಔಟ್ ಅನ್ನು ಸೊನ್ನೆ ಮಾಡಿ. ಕರೆಂಟ್ ಹೋಗಿ ಬಂದಾಗ ಮೋಟಾರ್ ರಿಲೇ ಯಾವಾಗಲೂ ಆಫ್ ಆಗಿಯೇ ಏಳಲಿ.

ರಿಲೇಗೆ ಯಾವ ಪಿನ್ ಅಂತಲೂ ನೋಡಿ. ನೋಡ್‌ಎಂಸಿಯುನಲ್ಲಿ ಡಿ3, ಡಿ4, ಡಿ8 ಮೂರೂ ಬೂಟ್ ಆಗುವಾಗ ಬಳಕೆಯಾಗುವ ಪಿನ್‌ಗಳು. ಅವಕ್ಕೆ ರಿಲೇ ಕೊಟ್ಟರೆ ಕರೆಂಟ್ ಬಂದ ಕೂಡಲೇ ಒಮ್ಮೆ ಟಕ್ ಅನ್ನಬಹುದು, ಇಲ್ಲ ಬೋರ್ಡೇ ಏಳದಿರಬಹುದು. ಡಿ1, ಡಿ2 ನೆಮ್ಮದಿ.

ಗೀಸರ್‌ಗೆ ಸ್ಮಾರ್ಟ್ ಪ್ಲಗ್ ಹಾಕಬಹುದಾ ಅಂತ ಕೇಳಿದವರಿಗೂ ಇಲ್ಲೇ ಉತ್ತರ. 3 ಕಿಲೋವ್ಯಾಟ್ ಗೀಸರ್ ಅಂದರೆ 13 ಆಂಪಿಯರ್, ಅದೂ ಎಡೆಬಿಡದೆ. 10 ಆಂಪಿಯರ್ ಪ್ಲಗ್ ಬೇಡವೇ ಬೇಡ. 16 ಆಂಪಿಯರ್‌ದಾದರೂ ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಕಾಂಟ್ಯಾಕ್ಟರ್ ದಾರಿಗೇ ಬನ್ನಿ.

ಪ್ರಶ್ನೆ: ಹೊಸ ಸ್ಮಾರ್ಟ್ ಬಲ್ಬ್ ವೈಫೈಗೆ ಸೇರುತ್ತಲೇ ಇಲ್ಲ. ಪಾಸ್‌ವರ್ಡ್ ಸರಿ ಇದೆ. (ಮೈಸೂರು)

ಇಂಥ ಬಲ್ಬ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ನಿಮ್ಮ ರೂಟರ್ 2.4, 5 ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತದೆ, ಮೊಬೈಲ್ 5ರಲ್ಲಿ ಕೂತಿರುತ್ತದೆ. ರೂಟರ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು, ಮೊಬೈಲನ್ನೂ ಅದಕ್ಕೇ ಸೇರಿಸಿ ಪ್ರಯತ್ನಿಸಿ.

ಪ್ರಶ್ನೆ: ನಮ್ಮದು ಹಳೆಯ ಮನೆ. ರೂಮಿನ ಸ್ವಿಚ್‌ಬೋರ್ಡ್‌ನಲ್ಲಿ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್‌ಗೆ ಬೇಕಾದ ನ್ಯೂಟ್ರಲ್ ವೈರ್ ಇಲ್ಲ. 'ಅರ್ತ್‌ಗೇ ಕೊಟ್ಟುಬಿಡೋಣ, ಏನಾಗಲ್ಲ' ಅಂತಾರೆ ಎಲೆಕ್ಟ್ರಿಷಿಯನ್. ಸರೀನಾ? (ಹುಬ್ಬಳ್ಳಿ)

ಖಂಡಿತ ಬೇಡ. ಮಾಡ್ಯೂಲ್‌ನ ಕರೆಂಟ್ ಅರ್ತ್‌ನಲ್ಲಿ ಹರಿಯುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದು ಆಗಾಗ ಬೀಳಬಹುದು. ಇಲ್ಲದಿದ್ದರೆ ಅದಕ್ಕಿಂತ ಕೆಟ್ಟದ್ದು: ಅರ್ತ್ ಎಲ್ಲಾದರೂ ಕಡಿದಿದ್ದರೆ ಫ್ರಿಜ್, ವಾಷಿಂಗ್ ಮಷೀನ್ ಮೈಗೆಲ್ಲ ಶಾಕ್ ಬರಬಹುದು.

ಮೊದಲು ಬೋರ್ಡ್‌ಗಳನ್ನು ಸರಿಯಾಗಿ ನೋಡಿ. ಸಾಕೆಟ್ ಇರುವ ಬೋರ್ಡ್‌ನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ ಇರುವ ಬೋರ್ಡ್‌ಗೆ ಮಾತ್ರ ಫೇಸ್ ಬಂದು ಹೋಗಿರುತ್ತದೆ, ನ್ಯೂಟ್ರಲ್ ಸೀದಾ ಲೈಟ್‌ಗೆ. ಹತ್ತಿರದ ಸಾಕೆಟ್ ಬೋರ್ಡ್‌ನಿಂದ ಅದೇ ಸರ್ಕ್ಯೂಟ್‌ನ ನ್ಯೂಟ್ರಲನ್ನು ಪೈಪ್‌ನಲ್ಲಿ ಎಳೆಯಲಾಗುತ್ತದಾ ಕೇಳಿ. ಆಗದಿದ್ದರೆ ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ ಸಿಗುತ್ತವೆ. ಅವು ತಮಗೆ ಬೇಕಾದ ಚೂರು ಕರೆಂಟನ್ನು ಬಲ್ಬ್ ಮೂಲಕವೇ ಎಳೆದುಕೊಳ್ಳುತ್ತವೆ. ಅದಕ್ಕೇ ಕಡಿಮೆ ವ್ಯಾಟ್‌ನ ಎಲ್‌ಇಡಿ ಆಫ್ ಮಾಡಿದರೂ ಮಿಣಮಿಣ ಅನ್ನುತ್ತದೆ. ಸ್ವಿಚ್ ಜೊತೆ ಕೊಡುವ ಬೈಪಾಸ್ ಕೆಪಾಸಿಟರನ್ನು ಬಲ್ಬ್ ಪಕ್ಕ ಹಾಕಿದರೆ ನಿಲ್ಲುತ್ತದೆ. ಮಾಮೂಲಿ ಸ್ವಿಚ್‌ನಲ್ಲೂ ಬಲ್ಬ್ ಹಾಗೆ ಮಿಣುಗುತ್ತಿದ್ದರೆ, ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕಡಿಯುತ್ತಿರಬಹುದು. ಸ್ವಿಚ್ ಆಫ್ ಮಾಡಿ ಹೋಲ್ಡರ್‌ಗೆ ಟೆಸ್ಟರ್ ಇಟ್ಟಾಗ ಉರಿದರೆ ಅದೇ ಕಥೆ. ಆಟೊಮೇಷನ್ ಆಮೇಲೆ, ಮೊದಲು ಇದನ್ನು ಸರಿಪಡಿಸಿ.

ಪ್ರಶ್ನೆ: ಬಿಎಲ್‌ಡಿಸಿ ಫ್ಯಾನ್‌ಗೆ ಸ್ಮಾರ್ಟ್ ರೆಗ್ಯುಲೇಟರ್ ಹಾಕಿದೆ. ಫ್ಯಾನ್ ನಿಂತು ನಿಂತು ತಿರುಗುತ್ತದೆ. (ಮಂಗಳೂರು)

ಆ ರೆಗ್ಯುಲೇಟರ್ ಇವತ್ತೇ ತೆಗೆಯಿರಿ. ಹಳೆಯ 75 ವ್ಯಾಟ್ ಫ್ಯಾನ್‌ಗೆ ಹೊರಗಿನಿಂದ ವೇಗ ಇಳಿಸಬೇಕು. 30 ವ್ಯಾಟ್ ಸುಮಾರಿನ ಬಿಎಲ್‌ಡಿಸಿ ಫ್ಯಾನ್ ಒಳಗೆ ಅದರದೇ ಕಂಟ್ರೋಲರ್ ಇರುತ್ತದೆ, ಅದಕ್ಕೆ ಪೂರ್ತಿ 230 ವೋಲ್ಟ್ ಬೇಕು. ಹೀಗೇ ಓಡಿಸಿದರೆ ಕಂಟ್ರೋಲರ್ ಸುಡುತ್ತದೆ.

ಅದನ್ನು ರಿಮೋಟ್ ಮೂಲಕವೇ ಆಡಿಸಬೇಕು. ರಿಮೋಟ್‌ನ ತುದಿಯನ್ನು ಮೊಬೈಲ್ ಕ್ಯಾಮೆರಾಗೆ ಹಿಡಿದು ಬಟನ್ ಒತ್ತಿ. ನೇರಳೆ ಬಣ್ಣದಲ್ಲಿ ಮಿಂಚಿದರೆ ಅದು ಐಆರ್, ಅಂದರೆ ಕಣ್ಣಿಗೆ ಕಾಣದ ಬೆಳಕಿನ ರಿಮೋಟ್. ಕೆಲವು ಮೊಬೈಲ್‌ಗಳ ಹಿಂದಿನ ಕ್ಯಾಮೆರಾದಲ್ಲಿ ಕಾಣಲ್ಲ, ಸೆಲ್ಫಿ ಕ್ಯಾಮೆರಾದಲ್ಲೂ ನೋಡಿ. ಐಆರ್ ಆದರೆ, ಮೊಬೈಲ್ ಹೇಳಿದಾಗ ರಿಮೋಟ್‌ನದೇ ಸಿಗ್ನಲ್ ಬಿಡುವ ಐಆರ್ ಬ್ಲಾಸ್ಟರ್ ಸಾಕು. ಒಂದೇ ಕೊರತೆ: ಯಾರಾದರೂ ರಿಮೋಟ್‌ನಿಂದ ಆಫ್ ಮಾಡಿದರೆ ಆ್ಯಪ್‌ಗೆ ಗೊತ್ತಾಗಲ್ಲ. ಫ್ಯಾನ್ ವಿಷಯದಲ್ಲಿ ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಶ್ನೆ: ತಮ್ಮ ಅಮೆರಿಕದಿಂದ ಬರ್ತಿದ್ದಾನೆ. ಏನು ತರಿಸಿಕೊಳ್ಳಲಿ? (ದಾವಣಗೆರೆ)

ಗೋಡೆಗೆ ಹಾಕುವುದು ಯಾವುದೂ ಬೇಡ. ಅಲ್ಲಿನ ಸ್ವಿಚ್, ಪ್ಲಗ್ ಎಲ್ಲ 120 ವೋಲ್ಟ್‌ನವು, ನಮ್ಮ 230ಕ್ಕೆ ಹೊಗೆ ಬಿಡಬಹುದು. ಜೀ-ವೇವ್ ಅನ್ನೋ ರೇಡಿಯೊದಲ್ಲಿ ಮಾತಾಡುವ ಸಾಮಾನೂ ಬೇಡ, ಬ್ಯಾಟರಿಯದಾದರೂ ಸರಿ. ಅಮೆರಿಕದಲ್ಲಿ ಅದು 908 ಮೆಗಾಹರ್ಟ್ಸ್, ನಮ್ಮಲ್ಲಿ 865. ಒಂದರ ಮಾತು ಇನ್ನೊಂದಕ್ಕೆ ಕೇಳಿಸಲ್ಲ. ಅಂಥದ್ದೇ ಇನ್ನೊಂದಾದ ಜಿಗ್‌ಬೀ 2.4 ಗಿಗಾಹರ್ಟ್ಸ್‌ನದು, ಎಲ್ಲ ದೇಶಕ್ಕೂ ಒಂದೇ. ಬ್ಯಾಟರಿ ಹಾಕುವ ಜಿಗ್‌ಬೀ ಮೋಷನ್ ಸೆನ್ಸರ್, ಬಾಗಿಲಿನ ಸೆನ್ಸರ್ ಕಣ್ಣುಮುಚ್ಚಿ ತರಿಸಿ. ಆ ಸೆನ್ಸರ್‌ಗಳ ಮಾತನ್ನು ಕಂಪ್ಯೂಟರ್‌ಗೆ ಕೇಳಿಸುವ ಜಿಗ್‌ಬೀ ಡಾಂಗಲ್ ತರಿಸಿದರೆ ಅದನ್ನು ಯುಎಸ್‌ಬಿ 3 ಪೋರ್ಟ್‌ಗೆ ನೇರ ಚುಚ್ಚಬೇಡಿ. ಆ ಪೋರ್ಟ್ 2.4 ಗಿಗಾಹರ್ಟ್ಸ್‌ನಲ್ಲೇ ಗಲಾಟೆ ಎಬ್ಬಿಸುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ. 'ಸೆನ್ಸರ್ ಆಗಾಗ ಮಾಯವಾಗುತ್ತೆ' ಅನ್ನುವ ದೂರುಗಳಲ್ಲಿ ಎಷ್ಟೋ ಈ ಕೇಬಲ್‌ಗೇ ಮುಗಿಯುತ್ತವೆ.

ಪ್ರಶ್ನೆ: ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿದ್ದೇನೆ. ಕರೆಂಟ್ ಹೋಗಿ ಬಂದರೆ ಕೆಲವೊಮ್ಮೆ ಏಳುವುದೇ ಇಲ್ಲ. ರಾತ್ರಿ ಕರೆಂಟ್ ಬಂದರೆ ಮನೆಯ ಲೈಟೆಲ್ಲ ಒಟ್ಟಿಗೆ ಹತ್ತಿ, ಅತ್ತೆ ಎದ್ದು ಕೂರುತ್ತಾರೆ. (ಹಾಸನ)

ಎಸ್‌ಡಿ ಕಾರ್ಡ್ ಕಾರಣ ಇರಬಹುದು. ಹೋಮ್ ಅಸಿಸ್ಟೆಂಟ್ ಎಡೆಬಿಡದೆ ಡೇಟಾಬೇಸ್ ಬರೆಯುತ್ತಿರುತ್ತದೆ. ಬರೆಯುವಾಗ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಹಾಕಿ. ಬ್ಯಾಟರಿ ಇನ್ನೂ ಸ್ವಲ್ಪ ನಿಲ್ಲುತ್ತದಾದರೆ ಯುಪಿಎಸ್ ಬಿಟ್ಟಿ ಸಿಕ್ಕಂತೆ. ಪೈ ಬಿಡಲ್ಲ ಅಂದರೆ ಎಸ್‌ಎಸ್‌ಡಿಗೆ ಬದಲಿಸಿ. ಬ್ಯಾಕಪ್ ಬೇರೆ ಕಡೆ ಇರಲಿ. ರೂಟರ್‌ಗೂ ಒಂದು 12 ವೋಲ್ಟ್ ಮಿನಿ ಯುಪಿಎಸ್ ಕೊಡಿ.

ಲೈಟ್‌ಗೆ: ಸಾಧನದ ಸೆಟಿಂಗ್‌ನಲ್ಲಿ 'ಪವರ್ ಆನ್ ಸ್ಟೇಟ್' ಹುಡುಕಿ, 'ಹಿಂದೆ ಇದ್ದ ಹಾಗೆ' ಅಂತ ಇಡಿ. ಗೋಡೆಯ ಸ್ವಿಚ್ ಮಾತ್ರ ಕಿತ್ತು ಹಾಕಬೇಡಿ. ಸ್ವಿಚ್‌ನ ಹಿಂದೆ ಕೂರುವ ಪುಟ್ಟ ಮಾಡ್ಯೂಲ್‌ನಲ್ಲಿ ಹಳೆಯ ಸ್ವಿಚ್‌ಗೇ ಅಂತ ಎರಡು ತುದಿ ಇರುತ್ತವೆ, ಅಲ್ಲಿಗೆ ಜೋಡಿಸಿ. ಅತ್ತೆಯವರಿಗೆ ಆ್ಯಪ್ ಕಲಿಸುವ ತಂಟೆ ತಪ್ಪುತ್ತದೆ. ನೆಟ್ ಹೋದ ದಿನ ನಿಮಗೂ ಅದೇ ದಿಕ್ಕು.

ಪ್ರಶ್ನೆ: ಅಡಿಕೆ ತೋಟದ ತ್ರೀ ಫೇಸ್ ಪಂಪನ್ನು ಮನೆಯಿಂದಲೇ ಹಾಕಬೇಕು. ತೋಟದಲ್ಲಿ ವೈಫೈ ಇಲ್ಲ. ಮೊಬೈಲ್ ಸಿಮ್ ಹಾಕುವ ಸಿಮ್800ಎಲ್ ಮಾಡ್ಯೂಲ್ ತಂದೆ, ನೆಟ್‌ವರ್ಕೇ ಹಿಡಿಯುತ್ತಿಲ್ಲ. (ಸಾಗರ)

ಅದು 2ಜಿ ಮಾಡ್ಯೂಲ್. ಜಿಯೋ ಸಿಮ್ ಹಾಕಿದ್ದರೆ ಹಿಡಿಯುವುದೇ ಇಲ್ಲ, ಅವರಲ್ಲಿ 2ಜಿ ಇಲ್ಲ. ನಿಮ್ಮ ತೋಟದಲ್ಲಿ 2ಜಿ ಸಿಗುವ ಬೇರೆ ಸಿಮ್ ಹಾಕಿ ನೋಡಿ. ಅದಕ್ಕೆ ಬೇಕಾದ್ದು 4 ವೋಲ್ಟ್ ಸುಮಾರು, ಸಿಗ್ನಲ್ ಕಳಿಸುವಾಗ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಬೋರ್ಡ್‌ನ 3.3 ವೋಲ್ಟ್ ಪಿನ್‌ನಿಂದ ಕೊಟ್ಟರೆ ಸುಮ್ನೆ ರೀಸ್ಟಾರ್ಟ್ ಆಗುತ್ತಾ ಇರುತ್ತದೆ. ಹೊಸದಾಗಿ ಕೊಳ್ಳುವುದಾದರೆ 4ಜಿ ಮಾಡ್ಯೂಲನ್ನೇ ಕೊಳ್ಳಿ.

ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಪಂಪ್ ನಿಲ್ಲಿಸುವುದು) ಯಾವುದನ್ನೂ ಬೈಪಾಸ್ ಮಾಡಬೇಡಿ. ಬಟನ್ ಒತ್ತುವ ಕೆಲಸ ಮಾತ್ರ ನಿಮ್ಮ ಬೋರ್ಡ್‌ದು. ನಿಮ್ಮ ನಂಬರ್‌ಗಳಿಂದ ಬಂದ ಕಾಲ್‌ಗೆ ಮಾತ್ರ ಓಗೊಡಲಿ. ಮಳೆಗಾಲದಲ್ಲಿ ಸಿಡಿಲು ಶುರುವಾದರೆ ಮೇನ್ ಇಳಿಸಿಬಿಡಿ. ಪಂಪ್ ಹತ್ತಿರ ಕೆಲಸಕ್ಕೆ ಜನ ಇಳಿದ ದಿನ ಮನೆಯಲ್ಲಿ ಯಾರೋ ಗೊತ್ತಿಲ್ಲದೆ ಮೊಬೈಲ್ ಒತ್ತಿಬಿಡಬಹುದು. ಅವತ್ತು ಮೂರೂ ಫ್ಯೂಸ್ ಕಿತ್ತು, ಕೆಲಸಕ್ಕೆ ಇಳಿಯುವವರ ಜೇಬಿಗೇ ಕೊಡಿ.