ಕಾರವಾರದ ಈ ಸೆಕೆಯಲ್ಲಿ ಎಳೆಗೂಸಿಗೆ ನೀರು ಕೊಡಬೇಕೇ? ಎದೆಹಾಲು ಸಾಲುತ್ತಿದೆಯೆಂದು ತಿಳಿಯುವುದು ಹೇಗೆ?

ನೀರು ಬೇಡ, ಮೇ ತಿಂಗಳ ಸೆಕೆಯಲ್ಲೂ ಬೇಡ. ಎದೆಹಾಲಿನಲ್ಲಿ ಶೇ. 87ರಷ್ಟು ನೀರೇ ಇದೆ. 6 ತಿಂಗಳು ತುಂಬುವವರೆಗೆ ಅದೇ ಸಾಕು. ಅಜ್ಜಿ ಪ್ರೀತಿಯಿಂದ ಜೇನು ನೆಕ್ಕಿಸಲು ಬಂದರೂ ತಡೆಯಿರಿ, ವರ್ಷದೊಳಗಿನ ಮಗುವಿಗೆ ಅದು ಅಪಾಯ. ನೀರು ಬೇಕಿರುವುದು ನಿಮಗೆ. ಬಾಣಂತಿ ನೀರು ಕುಡಿಯಬಾರದು ಎನ್ನುವವರ ಮಾತು ದಯವಿಟ್ಟು ಕೇಳಬೇಡಿ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆ ಎಣಿಸಿ. 5ನೇ ದಿನದ ನಂತರ ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಚಿಂತೆಯಿಲ್ಲ. ಹೊಟ್ಟೆ ತುಂಬುತ್ತಿದ್ದಂತೆ ಬಿಗಿಹಿಡಿದ ಪುಟ್ಟ ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಅದನ್ನು ನೋಡುವ ಸುಖಕ್ಕೆ ರಾತ್ರಿಯ ನಿದ್ದೆಗೇಡೂ ಮರೆತುಹೋಗುತ್ತದೆ.

ತೊಟ್ಟು ಬಿರಿದು ಜೀವ ಹೋದಂತಾಗುತ್ತಿದ್ದರೆ, ಹೆಚ್ಚಾಗಿ ಮಗು ತುದಿಯನ್ನಷ್ಟೇ ಹಿಡಿದಿರುತ್ತದೆ. ತುಟಿಯ ಮೂಲೆಯಲ್ಲಿ ಸ್ವಚ್ಛವಾದ ಕಿರುಬೆರಳು ತೂರಿಸಿ ಬಿಡಿಸಿ. ಬಾಯಿ ಅಗಲವಾಗಿ ತೆರೆದಾಗ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ, ಗದ್ದ ಎದೆಗೆ ತಾಗುವಂತೆ ಮತ್ತೆ ಹಿಡಿಸಿ. ನಾಚಿಕೆ ಬಿಟ್ಟು ಆಶಾ ಕಾರ್ಯಕರ್ತೆಯನ್ನು ಕೇಳಿ, ಮನೆಗೆ ಬಂದು ನೋಡುತ್ತಾರೆ. ಎದೆ ಕೆಂಪಾಗಿ ಗಟ್ಟಿಕಟ್ಟಿ ಜ್ವರ ಬಂದರೆ ಮಾತ್ರ ಅದೇ ದಿನ ವೈದ್ಯರ ಬಳಿ ಹೋಗಿ; ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.